ಪುರವರದ ರಾಜನ ಪ್ಲೇಟು

ಬೊಂಬಾಯಿ
೧೨ ಅಕ್ಟೋಬರ್ ೧೯೫೮

ಗೆಳೆಯ ಅಡವಯ್ಯನಿಗೆ ರಶೀದನ ಸಲಾಂ.

ಪಾರ್ಸೆಲಿನ ಮೇಲಿನ ಅಕ್ಷರ ನೋಡಿಯೇ ನಿನಗೆ ಕೋಪ ಬಂದಿರಬೇಕು. ತೋವಿನಕೆರೆಯ ನಾಟಕಕ್ಕೆ ಒಂದು ವಾರ ಇರುವಾಗ ಹೇಳದೆ ಕೇಳದೆ ಹೋದವನು ನಾಲ್ಕು ವರ್ಷದ ಮೇಲೆ ಪತ್ರ ಬರೆದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ.

ನಾನೀಗ ಇಲ್ಲಿನ ದೊಡ್ಡ ಹೋಟೆಲೊಂದರಲ್ಲಿ ಪಿಯಾನೋ ನುಡಿಸುತ್ತೇನೆ. ಹೋಟೆಲು ಎಂದರೆ ನಮ್ಮ ಶಿರಾ ಬಸ್ ಸ್ಟ್ಯಾಂಡಿನ ಇಡ್ಲಿ ಹೋಟೆಲು ಅಂದುಕೊಳ್ಳಬೇಡ. ಇಲ್ಲಿ ಊಟ ಮಾಡುವವರು ಮಧ್ಯದಲ್ಲಿ ಎದ್ದು ಕುಣಿಯುತ್ತಾರೆ, ಮತ್ತೆ ಕೂತು ಊಟ ಮಾಡುತ್ತಾರೆ. ಪಿಯಾನೋ ಎಂಬುದು ನಮ್ಮ ಕಾಲು ಹಾರ್ಮೋನಿಯಂನ ದೊಡ್ಡಪ್ಪ. ಗಾಳಿ ತುಳಿಯುವ ಕೆಲಸವಿಲ್ಲ. ಸ್ವರದ ಮನೆ ಒತ್ತಿದರೆ ಒಳಗೆ ತಂತಿಗೆ ಪುಟ್ಟ ಸುತ್ತಿಗೆ ಬೀಳುತ್ತದೆ. ಹಾರ್ಮೋನಿಯಂ ಪೆಟ್ಟಿಗೆಯ ರಿಪೇರಿಗೆಂದು ನೀನು ನನ್ನನ್ನು ಬೆಂಗಳೂರಿನ ದಂಡಿಗೆ ಕಳಿಸುತ್ತಿದ್ದೆಯಲ್ಲ, ಆ ಅಂಗಡಿಯ ಮೂಲೆಯಲ್ಲಿದ್ದ ಪಿಯಾನೋ ಮುಂದೆ ಕೂತವನು ಪೂರ್ತಿ ಮೇಲೆದ್ದೇ ಇಲ್ಲ ಅಂತ ತಿಳಿದುಕೊ.

ನಾವು ನುಡಿಸುವುದಕ್ಕೆ ಜಾಜ್ ಎನ್ನುತ್ತಾರೆ. ಒಂದು ಹಾಡನ್ನು ಎತ್ತಿಕೊಂಡು ಒಬ್ಬೊಬ್ಬನೂ ತನಗೆ ತೋಚಿದಂತೆ ಬೆಳೆಸುವುದು, ಒಬ್ಬ ಎಲ್ಲಿಗೆ ಹೋದರೆ ಮಿಕ್ಕವರು ಅವನ ಹಿಂದೆ ಓಡುವುದು. ನನ್ನ ಜೊತೆಯವರು ಇದನ್ನು ಅಮೆರಿಕದ ಗ್ರಾಮಫೋನು ಪ್ಲೇಟು ಕೇಳಿ ಕಲಿತರು. ನಾನು ಪುರವರದ ಸೋಗೆ ಪೆಂಡಾಲಿನಲ್ಲಿ ಕಲಿತೆ. ನಮ್ಮ ರಾಜನ ಪಾತ್ರದ ಮೂಡಲಗಿರಿಯಪ್ಪ ಗೌಡರ ಹಾಡಿನ ಹಿಂದೆ ಅಷ್ಟು ವರ್ಷ ಓಡಿದವನಿಗೆ ಬೇರೆ ಯಾರ ಹಿಂದೆ ಓಡುವುದೂ ಕಷ್ಟವಲ್ಲ.

ಹೋದ ತಿಂಗಳು ನಮ್ಮ ತಂಡದ್ದು ಎರಡು ಪ್ಲೇಟು ಆದವು. ಮೊದಲನೆಯದು ಕುಣಿತದ ಹಾಡು, ನೀನು ಕೇಳದಿದ್ದರೆ ನಷ್ಟವಿಲ್ಲ. ಎರಡನೆಯದನ್ನು ಕಳಿಸಿದ್ದೇನೆ. ಅದರ ಹೆಸರು 'ಕಿಂಗ್ ಆಫ್ ಪುರವರ'. ಪುರವರದ ರಾಜ. ನೀನು ಬರೆದ 'ಮಣಿಧ್ವಜ ಮಹಾರಾಜ' ನಾಟಕದಲ್ಲಿ, ಮಗ ಸತ್ತ ಮೇಲೆ ಗೌಡರು ಹಾಡುತ್ತಾರಲ್ಲ 'ಯಾರಿಗೊಪ್ಪಿಸಲಯ್ಯ ಈ ಕಿರೀಟ' ಅಂತ, ಅದೇ ಮಟ್ಟು. ಕೇಳಿದವರೆಲ್ಲ ಅದನ್ನೇ ಕೇಳುತ್ತಿದ್ದಾರೆ. ಡಿಸೆಂಬರಿಗೆ ಕಲ್ಕತ್ತೆ, ಜನವರಿಗೆ ದೆಹಲಿ ಎಂದು ಕಾರ್ಯಕ್ರಮ ನಿಶ್ಚಯವಾಗಿದೆ. ಎರಡು ಕಡೆಯಲ್ಲೂ ಕೊನೆಗೆ ಅದನ್ನೇ ನುಡಿಸಬೇಕೆಂದು ಈಗಲೇ ಹೇಳಿದ್ದಾರೆ.

ಗ್ರಾಮಫೋನು ಇರುವ ಕಡೆ ಗೌಡರನ್ನು ಕರೆದುಕೊಂಡು ಹೋಗಿ ಕೇಳಿಸು. ಅವರ ಹೆಸರಿಗೇ ಮಾಡಿದ್ದು ಅಂತ ಹೇಳು. ಅವರ ಮುಖ ಹೇಗಾಯಿತು ಎಂದು ತಪ್ಪದೆ ಬರೆ.

ಹಳೆಯ ಗೆಳೆಯ,
ಅಬ್ದುಲ್ ರಶೀದ್

*

ಪುರವರ
೨೩ ನವೆಂಬರ್ ೧೯೫೮

ರಶೀದನಿಗೆ ಅಡವಯ್ಯನ ಆಶೀರ್ವಾದ.

ಬದುಕಿದ್ದೀಯ, ಸಂತೋಷ. ನಿನ್ನ ತಾಯಿ ಖಾಜಾಬಿಯವರನ್ನು ಶಿರಾ ಸಂತೆಯಲ್ಲಿ ಕಂಡಾಗಲೆಲ್ಲ "ನಮ್ದುಕ್ಕೆ ಮಗ ಎಲ್ಲೋ ಸಾಹೇಬ್ರ ಊಟದ್ ಮನೇಲಿ ಪೇಟಿ ಬಜಾಯಿಸ್ತಾನಂತೆ ಮೇಷ್ಟ್ರೇ" ಎನ್ನುತ್ತಿದ್ದರು. ನಾನು ನಂಬಿರಲಿಲ್ಲ. ಈಗ ನಂಬಿದೆ.

ಪ್ಲೇಟು ಒಡೆಯದೆ ಬಂತು. ಪುರವರದಲ್ಲಿ ಬಟ್ಟೆ ಅಂಗಡಿ ಸಂಜೀವಯ್ಯನ ಹತ್ತಿರ ಗ್ರಾಮಫೋನು ಇದೆ, ಆದರೆ ಮೊದಲು ನಾನೊಬ್ಬನೇ ಕೇಳೋಣ ಅಂತ ಮಧುಗಿರಿಗೆ ಹೋಗಿ ಲಾಯರು ಪರ್ವತಯ್ಯನವರ ಮನೆಯಲ್ಲಿ ಹಾಕಿಸಿದೆ. ಹಾಡಿನ ಮೊದಲ ಭಾಗ ಕೇಳಿ, ನಿಜ ಹೇಳುತ್ತೇನೆ, ತೊಡೆಯ ಮೇಲೆ ತಾಳ ಹಾಕತೊಡಗಿದೆ. ಎಷ್ಟು ದೂರದಿಂದ ನನ್ನ ಮಟ್ಟು ತಿರುಗಿ ಬಂದು ಲಾಯರ ಮನೆ ಪಡಸಾಲೆಯಲ್ಲಿ ಕೂತಿದೆ ಅನ್ನಿಸಿತು. ಆಮೇಲೆ ಎರಡನೆಯ ಸುತ್ತು ಬಂತು. ಪರ್ವತಯ್ಯನವರು ನಶ್ಯ ಏರಿಸುತ್ತಿದ್ದವರು ತಲೆ ಎತ್ತಿ, "ಯಾರೀ ಮಹಾನುಭಾವ, ಹೆಂಡ ಕುಡ್ದು ಕೂತವ್ನಾ?" ಎಂದು ನಕ್ಕರು. ಒಳಗಿಂದ ಅವರ ಮನೆಯವರು ರಾಜಲಕ್ಷ್ಮಮ್ಮನೂ ಬಂದು ನಕ್ಕರು.

ರಶೀದ, ನೀನು ಮಾಡಿದ್ದು ಏನು ಅಂತ ನಿನಗೆ ಗೊತ್ತಿದೆ, ಆದರೂ ಬರೆಯುತ್ತೇನೆ. ಗೌಡರು ಆ ಹಾಡನ್ನು ಪೆಟ್ಟಿಗೆಯ ನಾಲ್ಕನೇ ಬಿಳಿ ಮನೆಗೆ, ಬಿಳಿ ನಾಲ್ಕಕ್ಕೆ ಎತ್ತುತ್ತಾರೆ. ದುಃಖ ಬರುತ್ತಿದ್ದಂತೆ ಅವರಿಗೇ ತಿಳಿಯದೆ ಶ್ರುತಿ ಬಿಟ್ಟು ಏರುತ್ತಾರೆ. ಅದರ ಮೇಲಿನ ಕಪ್ಪು ಮೂರಕ್ಕೆ ಬರುತ್ತಾರೆ, ಬಿಳಿ ಐದನ್ನು ಮುಟ್ಟುತ್ತಾರೆ. ಬೇರೆ ಪೆಟ್ಟಿಗೆಯವರಾದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು, ಜನ ನಗುತ್ತಿದ್ದರು. ನೀನು ಎರಡು ಕೈಯನ್ನೂ ಎತ್ತಿಕೊಂಡು ಅವರು ಏರಿದ ಕಡೆಗೇ ಹೋಗಿಬಿಡುತ್ತಿದ್ದೆ. ಶ್ರುತಿಯೇ ಅಲ್ಲಿಗೆ ಹೋಯಿತು ಅನ್ನುವಂತೆ ಮಾಡುತ್ತಿದ್ದೆ. ಪೆಂಡಾಲಿನಲ್ಲಿ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಅಳುತ್ತಿದ್ದರು. ಇಷ್ಟು ವರ್ಷ ಇದು ಗೊತ್ತಿದ್ದದ್ದು ಪೆಟ್ಟಿಗೆ ಮುಂದೆ ಕೂತ ನಿನಗೆ, ಪಕ್ಕದಲ್ಲಿ ತಬಲ ಹಿಡಿದ ನನಗೆ. ಗೌಡರಿಗೇ ಗೊತ್ತಿಲ್ಲ. ಪೆಟ್ಟಿಗೆ ಹಿಡಿದವನು ಪಾತ್ರಧಾರಿಯ ತಪ್ಪನ್ನು ಪಾತ್ರಧಾರಿಗೆ ಹೇಳುವುದಿಲ್ಲ. ಇದು ನಮ್ಮ ಕಸುಬಿನಲ್ಲಿ ನಾನು ನಿನಗೆ ಮೊದಲು ಕಲಿಸಿದ್ದು, ಸರಿಗಮಕ್ಕಿಂತ ಮುಂಚೆ.

ಪ್ಲೇಟಿನಲ್ಲಿ ನೀನು ಬಲಗೈಯನ್ನು ಗೌಡರ ಹಾಗೇ ಏರಿಸಿದ್ದೀಯ. ಎಡಗೈಯನ್ನು ಮಾತ್ರ ಬಿಳಿ ನಾಲ್ಕರಲ್ಲೇ ಗೂಟ ಹೊಡೆದಂತೆ ನಿಲ್ಲಿಸಿದ್ದೀಯ. ನಿನ್ನ ಜೊತೆಯ ದೊಡ್ಡ ಪಿಟೀಲಿನವನೂ ಅಲ್ಲೇ ನಿಂತಿದ್ದಾನೆ. ಗೌಡರು ಶ್ರುತಿ ಬಿಟ್ಟುಹೋದದ್ದು ಕುರುಡನಿಗೂ ಕಾಣುತ್ತದೆ.

ಪ್ಲೇಟನ್ನು ಮನೆಯಲ್ಲಿ ರಾಗಿ ತುಂಬಿಡುವ ವಾಡೆಯ ಹಿಂದೆ ಇಟ್ಟಿದ್ದೇನೆ. ಗೌಡರಿಗೆ ಕೇಳಿಸುವುದಿಲ್ಲ. ನೀನು ಹೋದ ಮೇಲೆ ನಿಂತುಹೋಗಿದ್ದ ನಾಟಕ ಸುಗ್ಗಿ ಮುಗಿದ ಮೇಲೆ ಮತ್ತೆ ಇದೆ, ಅವರೇ ರಾಜ. ದಯವಿಟ್ಟು ಈ ಊರಿಗೆ ಇನ್ನೊಂದು ಕಳಿಸಬೇಡ.

ಇತಿ,
ಅಡವಯ್ಯ

*

ದೆಹಲಿ
೧೮ ಜನವರಿ ೧೯೫೯

ಅಡವಯ್ಯ,

ನಿನ್ನ ಪತ್ರ ಬೊಂಬಾಯಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂತು. ಕಲ್ಕತ್ತೆ ಮುಗಿಯಿತು. ಕ್ರಿಸ್ಮಸ್ ವಾರವೆಲ್ಲ ನಿಲ್ಲಲೂ ಜಾಗವಿರಲಿಲ್ಲ. ಪೇಪರಿನವನೊಬ್ಬ ನನ್ನ ಫೋಟೋ ಹಾಕಿ ಪುರವರ ಯಾವ ರಾಜ್ಯದಲ್ಲಿದೆ ಎಂದು ಕೇಳಿ ಬರೆದ. ಅಮೆರಿಕದಿಂದ ಬಂದಿದ್ದ ಸ್ಯಾಕ್ಸೋಫೋನಿನವನೊಬ್ಬ, ಕರಿಯ, ಮುದುಕ, 'ಕಿಂಗ್' ಕೇಳಿ ಬಂದು ನನ್ನ ಕೈ ಹಿಡಿದುಕೊಂಡ. ಈ ಏರುವುದನ್ನು ಯಾರು ಕಲಿಸಿದರು ಎಂದ. ರಾಗಿ ಬೆಳೆಯುವ ಒಬ್ಬ ಗೌಡರು ಎಂದೆ. ಅವನು ನಗಲಿಲ್ಲ. ನಿನ್ನ ಲಾಯರು ನಕ್ಕರೆ ಅದು ನನ್ನ ತಪ್ಪೇ?

ಎಡಗೈ ಯಾಕೆ ನಿಲ್ಲಿಸಿದೆ ಎಂದು ಕೇಳುತ್ತೀಯ. ನಿಲ್ಲಿಸದಿದ್ದರೆ ಅವರು ಏರಿದ್ದು ಯಾರಿಗೆ ಕೇಳುತ್ತದೆ? ನೆಲ ನೆಲದಲ್ಲೇ ಇದ್ದರೆ ತಾನೆ ಹಕ್ಕಿ ಹಾರಿದ್ದು ಕಾಣುವುದು. ಅಡವಯ್ಯ, ನನ್ನ ಪ್ರಾಯವನ್ನೆಲ್ಲ ನಾನು ಅದನ್ನು ಮುಚ್ಚುವುದರಲ್ಲಿ ಕಳೆದೆ. ಆ ಸೀಮೆಯಲ್ಲಿ ನಾನು ಕೇಳಿದ ಅತ್ಯಂತ ಚೆಲುವಾದ ಸ್ವರ ಅದು, ಅದನ್ನು ಯಾರಿಗೂ ಕೇಳಿಸದಂತೆ ಮಾಡುವುದೇ ನನ್ನ ಕೆಲಸವಾಗಿತ್ತು. ನೀನು ಅದನ್ನು ತಪ್ಪು ಎಂದು ಬರೆದಿದ್ದೀಯ. ನಾನು ಒಂದು ದಿನವೂ ಹಾಗೆ ಅಂದುಕೊಳ್ಳಲಿಲ್ಲ.

ನೀನು ವಾಡೆಯ ಹಿಂದೆ ಇಟ್ಟ ಮೇಲೆ ಗೌಡರಿಗೆ ಹೇಗೆ ತಿಳಿಯಬೇಕು? ನಮ್ಮ ಕಡೆಯ ಬಳೆ ವ್ಯಾಪಾರದ ಬಾಷಾ ಸಾಬ್ ಇಲ್ಲಿ ತಮ್ಮ ಅಳಿಯನ ಮನೆಗೆ ಬಂದಿದ್ದರು. ಇನ್ನೊಂದು ಪ್ಲೇಟನ್ನು ಅವರ ಕೈಯಲ್ಲಿ ಕಳಿಸಿದ್ದೇನೆ, ಪುರವರದ ಸಂತೆಯಲ್ಲಿ ಗೌಡರಿಗೇ ಕೊಡಿ ಎಂದು. ಅವರು ರೈತರಿರಬಹುದು, ದಡ್ಡರಲ್ಲ. ಅವರಿಗೆ ಅರ್ಥವಾಗುತ್ತದೆ.

ರಶೀದ್

*

ಪುರವರ
೯ ಮಾರ್ಚ್ ೧೯೫೯

ರಶೀದನಿಗೆ,

ಗೌಡರ ಮುಖ ಹೇಗಾಯಿತು ಎಂದು ಬರೆಯಲು ಹೇಳಿದ್ದೆ. ಬರೆಯುತ್ತೇನೆ.

ಬಾಷಾ ಸಾಬ್ ಪ್ಲೇಟನ್ನು ಬಳೆ ಗಂಟಿನ ಮಧ್ಯೆ ಹುಲ್ಲು ಸುತ್ತಿ ತಂದಿದ್ದರು. ಗೌಡರು ಅದನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು ಸಂತೆಯೆಲ್ಲ ತಿರುಗಿದರು. "ನಮ್ ರಸೀದ ನನ್ ಹೆಸ್ರಾಗೆ ಬೊಂಬಾಯ್ನಾಗೆ ಪ್ಲೇಟ್ ಮಾಡವ್ನೆ ಕಣ್ರಯ್ಯ. ಬರ್ರಿ, ಎಲ್ಲಾ ಬರ್ರಿ" ಎಂದು ಎತ್ತು ಮಾರುವವರನ್ನೂ ಮೆಣಸಿನಕಾಯಿ ಮಾರುವವರನ್ನೂ ಕರೆದರು. ಸಂಜೀವಯ್ಯನ ಅಂಗಡಿ ಮುಂದೆ ನಾಟಕಕ್ಕೆ ಸೇರುವಷ್ಟು ಜನ ಸೇರಿದರು. ನನಗೆ ಸುದ್ದಿ ಮುಟ್ಟಿ ಓಡಿ ಬರುವಷ್ಟರಲ್ಲಿ ಮುಳ್ಳು ಇಟ್ಟಾಗಿತ್ತು.

ಮೊದಲ ಸುತ್ತು ಬರುವಾಗ ಗೌಡರು ಕಣ್ಣು ಮುಚ್ಚಿಕೊಂಡರು. ಅಷ್ಟಕ್ಕೆ ಬಿಟ್ಟಿದ್ದರೂ ಆಗಿತ್ತು. ಅವರು ಪ್ಲೇಟಿನ ಜೊತೆ ಹಾಡತೊಡಗಿದರು, ರಶೀದ. ಮೆಲ್ಲಗೆ ಶುರು ಮಾಡಿ, ಗಂಟಲು ಬಿಟ್ಟು, ವೇಷ ಕಟ್ಟಿದಾಗ ಹೇಗೋ ಹಾಗೆ. ಎರಡನೆಯ ಸುತ್ತಿನಲ್ಲಿ ನಿನ್ನ ಬಲಗೈ ಏರಿತು, ಗೌಡರೂ ಏರಿದರು. ನಿನ್ನ ಎಡಗೈ ಕೆಳಗೆ ನಿಂತಿತ್ತು. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಎಂದರು. ಆಮೇಲೆ ಎಲ್ಲರೂ.

ಗೌಡರು ಕಣ್ಣು ಬಿಟ್ಟು, "ಸಂಜೀವಯ್ಯ, ನಿನ್ ಮಿಷನ್ ಕೀಲಿ ಸಡ್ಲಾಗೈತೆ ನೋಡು. ಮ್ಯಾಲಕ್ಕೋಯ್ತಾ ಐತೆ" ಎಂದರು.

ಸಂಜೀವಯ್ಯ, "ಕೀಲಿ ಇಳಿದ್ರೆ ಸ್ವರ ಇಳೀತದೆ ಗೌಡ್ರೇ, ಏರಲ್ಲ" ಎಂದ. ಅವನು ಕೆಟ್ಟವನಲ್ಲ, ಇದ್ದದ್ದು ಹೇಳಿದ.

ಇನ್ನೊಂದು ಸಲ ಕೀಲಿ ಕೊಟ್ಟು ಹಾಕಿಸಿದರು. ಈ ಸಲ ಹಾಡಲಿಲ್ಲ, ಕಿವಿ ಕೊಟ್ಟು ಕೇಳಿದರು. ನಮ್ಮ ಹಾಸ್ಯಗಾರ ಸಣ್ಣರಂಗಯ್ಯನಿಗೆ ಬಾಯಿ ಸುಮ್ಮನಿರುತ್ತದೆಯೇ, "ಗೌಡ್ರೇ, ನಿಮ್ ರಾಗ ಹತ್ಸಕ್ಕೆ ಬೊಂಬಾಯ್ನಾಗೆ ಏಣಿ ಹಾಕವ್ರೆ ಬುಡಿ" ಎಂದ. ಮತ್ತೆ ನಗು.

ಗೌಡರು ಜನರ ನಡುವೆ ನನ್ನನ್ನು ಹುಡುಕಿದರು. "ಮೇಷ್ಟ್ರೇ, ನಾನು ಇಂಗೇ ಹಾಡ್ತಿದ್ನಾ?"

ನಾನು ಹೋಗಿ ಮುಳ್ಳು ಎತ್ತಿ ಪ್ಲೇಟು ನಿಲ್ಲಿಸಿದೆ.

"ಯಾವಾಗ್ಲೂವಾ?"

"ಗೌಡ್ರೇ, ಮನೆ ಕಡೆ ನಡೀರಿ" ಎಂದೆ.

"ಅಂಗಾದ್ರೆ ಆ ಹುಡ್ಗ ಇಷ್ಟ್ ವರ್ಷ ಮುಚ್ಚಾಕ್ತಿದ್ದ. ನೀವು ನೋಡ್ಕಂಡ್ ಕೂತಿದ್ರಿ" ಎಂದರು. ಕೋಪದಿಂದ ಹೇಳಿದ್ದರೆ ಸಹಿಸಬಹುದಿತ್ತು. ಲೆಕ್ಕ ತಪ್ಪಿದ ಶಾಲೆಯ ಹುಡುಗನ ಹಾಗೆ ಹೇಳಿದರು. ಪ್ಲೇಟನ್ನು ಸಂಜೀವಯ್ಯನ ಗಲ್ಲಾಪೆಟ್ಟಿಗೆಯ ಮೇಲೇ ಬಿಟ್ಟು ಹೋದರು.

ಈ ವರ್ಷ ನಾಟಕವಿಲ್ಲ. ರಾಜ ಒಲ್ಲೆ ಎಂದಿದ್ದಾರೆ. ಸಂಜೀವಯ್ಯನ ಅಂಗಡಿಯಲ್ಲಿ ಪಡ್ಡೆಗಳು ಕಾಸು ಕೊಟ್ಟು ಆ ಪ್ಲೇಟು ಹಾಕಿಸುತ್ತಾರೆ. ಗೌಡರು ಆ ಬೀದಿ ಬಿಟ್ಟು ಕೆರೆ ಏರಿಯ ಮೇಲೆ ಹೊಲಕ್ಕೆ ಹೋಗುತ್ತಾರೆ.

ಕಲ್ಕತ್ತೆಯ ಪೇಪರಿನವನು ಕೇಳಿದನಲ್ಲ, ಪುರವರ ಮೈಸೂರು ರಾಜ್ಯದಲ್ಲಿದೆ ಎಂದು ಹೇಳು.

ಅಡವಯ್ಯ

*

ಬೊಂಬಾಯಿ
೩೦ ಏಪ್ರಿಲ್ ೧೯೫೯

ಅಡವಯ್ಯ,

ನಾಲ್ಕು ಸಲ ಬರೆದು ಹರಿದೆ. ನಾಳಿದ್ದು ಹಡಗಿನಲ್ಲಿ ಕೊಲಂಬೊಗೆ ಹೋಗಬೇಕು, ಆರು ವಾರದ ಒಪ್ಪಂದ. ಅಲ್ಲಿಂದ ಬಂದ ಕೂಡಲೇ ಹೊಸ ಪ್ಲೇಟಿನ ಕೆಲಸ. ಈಗ ಬರಲು ಆಗುವುದಿಲ್ಲ.

ಗೌಡರು ಹಾಡಿಕೊಂಡು ಏರಿದರು ಎಂದು ಬರೆದಿದ್ದೀಯಲ್ಲ, ನಾನು ಅಲ್ಲಿರಬೇಕಿತ್ತು ಅನ್ನಿಸಿತು. ಯಾಕೆ ಅನ್ನಿಸಿತು ಎಂದು ನಿನ್ನ ಮುಂದೆ ಹೇಳಿದರೆ ಇನ್ನೂ ಬೈಯುತ್ತೀಯ. ನಗು ಕೇಳಲು ಅಲ್ಲ.

ಜನ ನಗುವುದು ನನಗೆ ಗೊತ್ತಿರಲಿಲ್ಲ ಎಂದು ಗೌಡರಿಗೆ ಹೇಳು. ಲಾಯರು ನಕ್ಕಂತೆ ನಮ್ಮ ಊರಿನವರೂ ನಗುತ್ತಾರೆ ಎಂದು ನನ್ನ ತಲೆಗೇ ಹೊಳೆಯಲಿಲ್ಲ.

ರಶೀದ್

*

ಪುರವರ
೨ ಡಿಸೆಂಬರ್ ೧೯೫೯

ರಶೀದನಿಗೆ,

ನಿನ್ನ ಮಾತನ್ನು ಗೌಡರಿಗೆ ಹೇಳಲಿಲ್ಲ. ನಗುತ್ತಾರೆಂದು ಹೊಳೆಯಲಿಲ್ಲ ಎಂದರೆ, ನಮ್ಮನ್ನೆಲ್ಲ ಎಷ್ಟು ಬೇಗ ಮರೆತೆ ಅಂತ ಅರ್ಥ. ಅದನ್ನು ಅವರ ಹತ್ತಿರ ಹೇಗೆ ಹೇಳಲಿ.

ಈ ಕಾಗದ ನಾನಾಗಿ ಬರೆಯುತ್ತಿಲ್ಲ, ಅವರು ಬರೆಸುತ್ತಿದ್ದಾರೆ. ಸುದ್ದಿ ಇಷ್ಟು. ಮುಂಗಾರಿನಲ್ಲಿ ಅವರು ಮಧುಗಿರಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ರೇಣುಕಯ್ಯನವರ ಹತ್ತಿರ ಹೋಗಿ, ತುಪ್ಪದ ತಂಬಿಗೆ ಮುಂದಿಟ್ಟು, "ನಂಗೆ ಒಂದ್ ಸ್ವರದ್ ಮ್ಯಾಲೆ ನಿಲ್ಲಾದ್ ಕಲ್ಸಿ" ಎಂದರಂತೆ. ಐವತ್ತು ದಾಟಿದ ಮನುಷ್ಯ ಲಂಗ ಹಾಕಿದ ಹುಡುಗಿಯರ ಸಾಲಿನಲ್ಲಿ ಕೂತು ಸಾ ಎನ್ನುತ್ತಾರೆ. ಒಂದು ಶ್ರುತಿಪೆಟ್ಟಿಗೆ ತಂದಿದ್ದಾರೆ. ಅವರ ಮನೆಯಾಕೆ ದಾಕ್ಷಾಯಣಮ್ಮ ಬಾವಿ ಹತ್ತಿರ ಸಿಕ್ಕಿ, "ನೋಡಿ ಮೇಷ್ಟ್ರೇ, ಎಮ್ಮೆ ಕರೆಯೋವಾಗ್ಲೂ ಸಾ, ನೇಗ್ಲು ಕಟ್ಟೋವಾಗ್ಲೂ ಸಾ. ಎಮ್ಮೆನೂ ಕಲ್ತ್ಕಂಡೈತೆ" ಎಂದರು. ನಗಿಸಲು ಹೇಳಿದರೋ ಅಳಲು ಹೇಳಿದರೋ ತಿಳಿಯಲಿಲ್ಲ. ಅವರು ಏನು ಕಲಿತಿದ್ದಾರೆ ಎಂದು ಯಾರಿಗೂ ಕೇಳಿಸಿಲ್ಲ, ನನಗೂ ಇಲ್ಲ.

ಸುಗ್ಗಿ ಮುಗಿದ ಮೇಲೆ 'ಮಣಿಧ್ವಜ' ಆಡೋಣ, ರಾಜ ನಾನೇ ಮಾಡುತ್ತೇನೆ ಎನ್ನುತ್ತಾರೆ. ಒಂದೇ ಮಾತು. "ಪೆಟ್ಗೆಗೆ ರಸೀದನ್ನೇ ಕರ್ಸಿ. ಬ್ಯಾರೆ ಯಾರೂ ಬ್ಯಾಡ." ಯಾಕೆ ಎಂದು ಕೇಳಿದೆ. "ಅವ್ನು ಕೇಳ್ಬೇಕು" ಎಂದರು.

ಬರುತ್ತೀಯೋ ಇಲ್ಲವೋ, ಹೌದು ಅಥವಾ ಇಲ್ಲ ಎಂದು ಬರೆ. ತೋವಿನಕೆರೆಗೆ ಮಾಡಿದಂತೆ ಮಾಡಬೇಡ.

ಅಡವಯ್ಯ

*

ಬೊಂಬಾಯಿ
೨೫ ಜನವರಿ ೧೯೬೦

ಅಡವಯ್ಯ,

ಬರುತ್ತೇನೆ. ಫೆಬ್ರವರಿ ಕೊನೆಯ ವಾರ ಬೆಂಗಳೂರಿನ ದಂಡಿನಲ್ಲಿ ನಮ್ಮ ಕಾರ್ಯಕ್ರಮ ಎರಡು ದಿನ. ಅಲ್ಲಿಂದ ಮಿಕ್ಕವರು ಮದರಾಸಿಗೆ ಹೋಗುತ್ತಾರೆ, ನಾನು ಮಧುಗಿರಿ ಬಸ್ಸು ಹತ್ತುತ್ತೇನೆ. ಕಾಲು ಹಾರ್ಮೋನಿಯಂನ ತಿದಿ ನೋಡಿ ಇಡು.

ಶ್ರುತಿಪೆಟ್ಟಿಗೆಯ ವಿಷಯ ಓದಿ ನಕ್ಕೆ, ಕ್ಷಮಿಸು. ಗೌಡರು ಮನೆಯಲ್ಲಿ ಎಷ್ಟು ಬೇಕಾದರೂ ಸಾ ಎನ್ನಲಿ. ಮುಖಕ್ಕೆ ಬಣ್ಣ ಬಿದ್ದು, ಮಗನ ಹೆಣ ಎದುರಿಗೆ ಬಂದು, ಕಿರೀಟ ಕೈಗೆ ತೆಗೆದುಕೊಂಡ ಮೇಲೆ ಯಾವ ರೇಣುಕಯ್ಯನೂ ಅವರನ್ನು ಹಿಡಿದು ನಿಲ್ಲಿಸಲಾರ. ಅವರು ಏರಿಯೇ ಏರುತ್ತಾರೆ. ನಾನು ಹಿಂದೆ ಇರುತ್ತೇನೆ, ಎರಡು ಕೈಯಲ್ಲೂ. ಒಬ್ಬರೂ ನಗದಂತೆ ನೋಡಿಕೊಳ್ಳುತ್ತೇನೆ. ಇದಕ್ಕಿಂತ ಬೇರೆ ಯಾವ ರೀತಿ ಅವರ ಕ್ಷಮೆ ಕೇಳಬೇಕೋ ನನಗೆ ತಿಳಿಯದು.

ಇನ್ನೊಂದು ಮಾತು. ಸಿನಿಮಾ ಶಬ್ದದ ಕೆಲಸದ ಸ್ನೇಹಿತನೊಬ್ಬ ಬ್ಯಾಟರಿಯಿಂದ ನಡೆಯುವ ಟೇಪ್ ಯಂತ್ರ ಕೊಡುತ್ತೇನೆ ಎಂದಿದ್ದಾನೆ. ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ನಾನು ಪಿಯಾನೋದಲ್ಲಿ ಮಾಡಿದ್ದು ಬರೀ ನೆನಪಿನ ನಕಲು. 'ಕಿಂಗ್' ಪ್ಲೇಟನ್ನು ಕಂಪನಿಯವರು ದೊಡ್ಡದಾಗಿ ಮತ್ತೆ ಮಾಡಿಸುತ್ತಾರಂತೆ. ಅದಕ್ಕೆ ಮುಂಚೆ ಒಂದು ಸಲ ಅವರ ಗಂಟಲನ್ನೇ ಹಿಡಿದಿಟ್ಟುಕೊಳ್ಳಬೇಕು. ಗೌಡರಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ.

ರಶೀದ್

*

ಬೊಂಬಾಯಿ
೧೬ ಮಾರ್ಚ್ ೧೯೬೦

ಅಡವಯ್ಯ,

ನಾಟಕ ಮುಗಿದ ಬೆಳಗ್ಗೆ ಮೊದಲ ಬಸ್ಸಿಗೆ ನಿನಗೆ ಹೇಳದೆ ಹೊರಟುಬಿಟ್ಟೆ. ಮತ್ತೆ ಅದೇ ತಪ್ಪು.

ನೀನು ನನ್ನ ಪಕ್ಕದಲ್ಲೇ ತಬಲದ ಮುಂದೆ ಇದ್ದೆ, ನಿನಗೆ ಎಲ್ಲಾ ಗೊತ್ತು. ಆದರೂ ನನ್ನ ಕೈಗೆ ಏನಾಯಿತು ಎಂದು ನಿನಗೆ ತಿಳಿದಿರಲಾರದು. ಬೆಳಕು ಹರಿಯುವ ಹೊತ್ತಿಗೆ ಗೌಡರು ಕಿರೀಟ ತೆಗೆದರು. ಬಿಳಿ ನಾಲ್ಕು ಕೊಟ್ಟೆ, ಎತ್ತಿದರು. ಮೊದಲ ಸುತ್ತಾಯಿತು. ಎರಡನೆಯ ಸುತ್ತಿಗೆ ನನ್ನ ಬೆರಳುಗಳು ತಾವಾಗಿಯೇ ಕಪ್ಪು ಮೂರರ ಮೇಲೆ ಹೋಗಿ ಕಾದು ನಿಂತವು, ಒತ್ತದೆ. ಟೇಪ್ ತಿರುಗುತ್ತಿತ್ತು. ಅವರು ಬರಲಿಲ್ಲ. ಅವರು ಹಾಡುತ್ತಾ ನನ್ನ ಕಡೆಗೇ ನೋಡುತ್ತಿದ್ದರು. ಮಗನ ಹೆಣದ ಕಡೆ ಒಂದು ಸಲವೂ ನೋಡಲಿಲ್ಲ. ಕೆರೆಯ ಕೋಡಿಯ ಮೇಲೆ ಹಳ್ಳಿಯವರು ನಡೆಯುತ್ತಾರಲ್ಲ ಕಾಲು ನೋಡಿಕೊಂಡು, ಹಾಗೆ ಒಂದೊಂದು ಸ್ವರದ ಮೇಲೂ ಹೆಜ್ಜೆ ಇಟ್ಟು, ನಿಂತು, ಮುಂದಿನದಕ್ಕೆ ಹೋದರು. ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಅಷ್ಟು ದೊಡ್ಡ ಗಂಟಲು ಚಿಕ್ಕ ಹುಡುಗಿಯ ಗಂಟಲಿನಷ್ಟಾಗಿತ್ತು.

ಒಬ್ಬರೂ ಅಳಲಿಲ್ಲ, ನೋಡಿದೆಯಾ? ಎಲ್ಲರೂ ಚಪ್ಪಾಳೆ ತಟ್ಟಿದರು. ಸಣ್ಣರಂಗಯ್ಯ ಕೂಡ ತಟ್ಟಿದ.

ಚೌಕಿಯಲ್ಲಿ ಬಣ್ಣ ಒರೆಸಿಕೊಳ್ಳುತ್ತಾ ನನ್ನನ್ನು ಕೇಳಿದರು, "ಈಗ ಸರಿಯಾಯ್ತೇನಪ್ಪ?" ಎಂದು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಸಂತೋಷಕ್ಕೆ ಮುಟ್ಟಿದೆ ಅಂದುಕೊಂಡು ನನ್ನ ಬೆನ್ನು ತಟ್ಟಿದರು. ಮುಂದಿನ ವರ್ಷದವರೆಗೆ ನನ್ನ ಕಾರ್ಯಕ್ರಮಗಳು ತುಂಬಿವೆ. ಎಲ್ಲಾ ಕಡೆ ಅದೇ ಹಾಡು ಕೇಳುತ್ತಾರೆ. ಬೊಂಬಾಯಿಗೆ ಬಂದ ಮೇಲೆ ಎರಡು ಸಲ ನುಡಿಸಿದೆ. ಬಲಗೈ ಏರುತ್ತದೆ, ಯಾರ ಹಿಂದೆ ಏರುತ್ತಿದೆ ಎಂದು ಅದಕ್ಕೇ ತಿಳಿಯುವುದಿಲ್ಲ.

ಇದನ್ನು ನಾವು ಮಾಡಿದೆವು ಅಡವಯ್ಯ.

ರಶೀದ್

*

ಪುರವರ
೧೦ ಏಪ್ರಿಲ್ ೧೯೬೦

ರಶೀದನಿಗೆ,

ನಾವು ಎಂದು ಬರೆದಿದ್ದೀಯ. ನಿನ್ನ ಲೆಕ್ಕದಲ್ಲಿ ನನ್ನನ್ನು ಸೇರಿಸಬೇಡ.

ನೀನು ಬಂದದ್ದು ಅವರು ಬೀಳುವುದನ್ನು ಹಿಡಿಯಲು. ಬೀಳಲಿಲ್ಲ ಎಂದು ನಿನಗೆ ದುಃಖ. ಯಂತ್ರ ಬೇರೆ ತಂದಿದ್ದೆ. ಆ ದಿನ ಪೆಟ್ಟಿಗೆಯ ಕೆಳಗೆ ಅದು ಮೆಲ್ಲಗೆ ಗುಯ್ ಎನ್ನುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನಾನೂ ಅತ್ತಿದ್ದೇನೆ, ಆದರೆ ಬೇರೆ ಕಾರಣಕ್ಕೆ. ಅವರು ನಿನ್ನ ಕಡೆ ನೋಡುತ್ತಾ ಹಾಡಿದ್ದು ಯಾಕೆ ಗೊತ್ತೇ? ಎಲ್ಲಾದರೂ ಏರಿದರೆ ನಿನ್ನ ಹುಬ್ಬು ಅಲ್ಲಾಡುತ್ತದೆ, ತಿಳಿದುಕೊಂಡು ಇಳಿಯಬಹುದು ಎಂದು. ಹಿಂದಿನ ದಿನ ನನಗೆ ಹೇಳಿದ್ದರು.

ಗೌಡರು ಈಗ ಬಲು ಸಂತೋಷವಾಗಿದ್ದಾರೆ. ಸಂಜೀವಯ್ಯನ ಬೀದಿಯಲ್ಲೇ ಓಡಾಡುತ್ತಾರೆ. ಪಡ್ಡೆಗಳು ಆ ಪ್ಲೇಟು ಹಾಕಿಸಿದರೆ ನಿಂತು ಕೇಳಿ, "ಅದು ಆಗಿನ್ದು ಕಣ್ಲಾ. ಆಗ ಕಲ್ತಿರ್ಲಿಲ್ಲ. ಈಗಿನ್ದ್ ಬತ್ತದೆ ತಡ್ಕಳ್ರಿ" ಎನ್ನುತ್ತಾರೆ. ನೀನು ಯಂತ್ರ ಇಟ್ಟಿದ್ದನ್ನು ನೋಡಿದ್ದಾರೆ. ಸರಿಯಾಗಿ ಹಾಡಿದ್ದನ್ನು ನೀನು ಹಿಡಿದುಕೊಂಡು ಹೋಗಿದ್ದೀಯ, ಅದನ್ನು ಹೊಸ ಪ್ಲೇಟು ಮಾಡಿ ಹಳೆಯದನ್ನು ಅಳಿಸುತ್ತೀಯ ಎಂದು ನಂಬಿದ್ದಾರೆ. ವಾರಕ್ಕೊಮ್ಮೆ ನನ್ನ ಮನೆಗೆ ಬಂದು ಜಗುಲಿಯ ಮೇಲೆ ಕೂತು, "ಮೇಷ್ಟ್ರೇ, ರಸೀದನ್ ಕಾಗ್ದ ಬಂತಾ? ಪ್ಲೇಟ್ ಯಾವಾಗಂತೆ?" ಎಂದು ಕೇಳುತ್ತಾರೆ. ಅಷ್ಟು ವರ್ಷ ಅವರ ತಪ್ಪನ್ನು ಅವರಿಂದ ಮುಚ್ಚಿದವನು ನಾನು. ಈಗ ಅವರ ಸರಿಯನ್ನು ಏನೆಂದು ಮುಚ್ಚಲಿ?

ನನ್ನಿಂದ ಆಗುವುದಿಲ್ಲ. ಉತ್ತರ ನೀನೇ ಬರೆ. ಅವರ ಹೆಸರಿಗೇ ಬರೆ. ಓದಿ ಹೇಳುತ್ತೇನೆ, ಒಂದಕ್ಷರ ಸೇರಿಸುವುದಿಲ್ಲ, ಬಿಡುವುದಿಲ್ಲ. ನನಗೆ ಇನ್ನು ಮೇಲೆ ಬರೆಯಬೇಕಾಗಿಲ್ಲ.

ಅಡವಯ್ಯ

*

ಬೊಂಬಾಯಿ
೫ ಮೇ ೧೯೬೦

ಪುರವರದ ಶ್ರೀ ಮೂಡಲಗಿರಿಯಪ್ಪ ಗೌಡರಿಗೆ, ನಿಮ್ಮ ಪೆಟ್ಟಿಗೆಯ ರಶೀದ ಕಾಲು ಮುಟ್ಟಿ ಮಾಡುವ ಸಲಾಂ.

ನಾನು ಚೆನ್ನಾಗಿದ್ದೇನೆ. ಮೇಷ್ಟ್ರ ಕಾಗದದಿಂದ ನೀವು ಸಂತೋಷವಾಗಿದ್ದೀರಿ ಎಂದು ತಿಳಿಯಿತು. ಅಮ್ಮಾವರಿಗೆ ನನ್ನ ನಮಸ್ಕಾರ ಹೇಳಿ. ಅವತ್ತು ಅವರು ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಪುಡಿ ಪುಣೆಯ ತನಕ ಬಂತು.

ಅವತ್ತು ಚೌಕಿಯಲ್ಲಿ ನೀವು ಒಂದು ಮಾತು ಕೇಳಿದಿರಿ, ನಾನು ಉತ್ತರ ಹೇಳದೆ ಬಂದೆ. ಈಗ ಹೇಳುತ್ತೇನೆ. ಸರಿಯಾಯಿತು ಗೌಡ್ರೇ. ಬಹಳ ಸರಿಯಾಗಿತ್ತು. ಇಲ್ಲಿ ನನ್ನ ಜೊತೆ ನುಡಿಸುವವರಿಗೆ ಕೇಳಿಸಿದೆ. ಅವರೂ ಹಾಗೇ ಎಂದರು.

ಹಳೆಯ ಪ್ಲೇಟಿನಲ್ಲಿ ಏರಿದ್ದು ನಿಮ್ಮ ಗಂಟಲಲ್ಲ. ಅದು ನನ್ನ ಕೈಯ ತಪ್ಪು. ನೀವು ಯಾವತ್ತೂ ಹಾಗೆ ಹಾಡಿರಲಿಲ್ಲ. ಪಿಯಾನೋ ಹೊಸದು, ಕೈ ಪಳಗಿರಲಿಲ್ಲ, ಜಾರಿತು. ಇದನ್ನು ಮೇಷ್ಟ್ರು ಸಂಜೀವಯ್ಯನ ಅಂಗಡಿ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಓದಲಿ, ಸಣ್ಣರಂಗಯ್ಯನಿಗೂ ಕೇಳುವಂತೆ.

ಹೊಸ ಪ್ಲೇಟಿನ ವಿಷಯ. ನಿಮ್ಮ ಹಾಡು ಹಿಡಿದ ಟೇಪು ನನ್ನ ಹತ್ತಿರ ಜೋಪಾನವಾಗಿದೆ. ಕಂಪನಿಯವರು ಈಗ ಕುಣಿತದ ಹಾಡು ಬಿಟ್ಟು ಬೇರೆ ಏನೂ ಮಾಡುತ್ತಿಲ್ಲ. ಮಾಡುವ ಕಾಲ ಬಂದರೆ ನಾನೇ ತಿಳಿಸುತ್ತೇನೆ. ಅದಕ್ಕಾಗಿ ಮೇಷ್ಟ್ರ ಮನೆಗೆ ಬಿಸಿಲಿನಲ್ಲಿ ನಡೆಯಬೇಡಿ.

ಬರುವ ವರ್ಷವೂ ನಾಟಕ ಇಟ್ಟುಕೊಳ್ಳಿ, ರಾಜನ ಪಾತ್ರ ಬಿಡಬೇಡಿ. ಪೆಟ್ಟಿಗೆಗೆ ಹತ್ತಿರದವರನ್ನು ಯಾರನ್ನಾದರೂ ಕರೆಸಿ, ನನಗಾಗಿ ಕಾಯಬೇಡಿ. ಈಗ ನಿಮ್ಮ ಹಾಡಿಗೆ ಯಾರು ನುಡಿಸಿದರೂ ನಡೆಯುತ್ತದೆ.

ನಿಮ್ಮವನು,
ರಶೀದ